ತಾಳ ನಿಲ್ಲಿಸದ ದಿಂಡಿ

ದೇವರ ಕೆಲಸ ಮಾಡಿ ಸಾಕಾಗಿದೆ ಅಂತ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಆಫೀಸಿನಲ್ಲಿ ಸಾಕಾದರೆ ರಜೆ ಕೇಳಬಹುದು. ಮನೆಯಲ್ಲಿ ಸಾಕಾದರೆ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬರಬಹುದು. ಭಜನಾ ಮಂಡಳಿಯಲ್ಲಿ ಸಾಕಾಯ್ತು ಅಂದರೆ ಮಾತ್ರ "ಯಾಕೋ ನಿಮಗೆ ಭಕ್ತಿ ಕಡಿಮೆ ಆದ ಹಾಗಿದೆ" ಅಂತಾರೆ. ಅದೂ ನಗುನಗುತ್ತಾ. ಅದಕ್ಕೆ ಏನಂತ ಉತ್ತರ ಕೊಡೋದು?

ಪುಣೆಯಲ್ಲಿ ನಾವೊಂದಿಷ್ಟು ಕನ್ನಡದ ಮನೆಗಳು ಸೇರಿ ನಡೆಸುವ ಮಂಡಳಿ ಇದೆ. ಹೆಸರು ಬೇಡ. ಶನಿವಾರ ಭಜನೆ, ದಾಸರ ಆರಾಧನೆಗೆ ಊಟ, ನವರಾತ್ರಿಗೆ ಒಂಬತ್ತು ದಿನವೂ ಏನಾದರೊಂದು. ಜಾಸ್ತಿ ಜನ ವಿಜಯಪುರ, ಬಾಗಲಕೋಟೆ, ಧಾರವಾಡದ ಕಡೆಯವರು. ಮಕ್ಕಳ ಕಿವಿಗೆ ನಾಲ್ಕು ಕನ್ನಡ ಪದ ಬೀಳಲಿ ಅಂತಲೇ ಕರೆದುಕೊಂಡು ಬರುವವರೂ ಇದ್ದಾರೆ. ಮೊದಮೊದಲು ಶನಿವಾರ ಯಾವಾಗ ಬರುತ್ತದೋ ಅಂತ ಕಾಯುತ್ತಿದ್ದೆ.

ಆಮೇಲೆ ಕೆಲಸ ಬೆಳೆಯಿತು, ಮಾಡುವವರು ಬೆಳೆಯಲಿಲ್ಲ. ವಾಟ್ಸಾಪಿನಲ್ಲಿ ಕೈ ಮುಗಿಯುವ ಚಿತ್ರ ಹಾಕುವವರು ಎಲ್ಲರೂ, ಹಾಲ್ ಗುಡಿಸಿ ಜಮಖಾನೆ ಸುತ್ತುವವರು ಅದೇ ಮೂರು ಮತ್ತೊಂದು ಜನ. ವಂತಿಗೆ ಎತ್ತುವುದು ನಮ್ಮ ಕೆಲಸ, ಲೆಕ್ಕ ಕೇಳಿದರೆ "ದೇವರ ದುಡ್ಡಿಗೂ ಲೆಕ್ಕವಾ?" ಅನ್ನುವ ಮಾತು. ದೊಡ್ಡ ದೇಣಿಗೆ ಕೊಟ್ಟವರಿಗೆ ಮುಂದಿನ ಸಾಲು. ಇಷ್ಟೆಲ್ಲ ಸಹಿಸಬಹುದಿತ್ತೇನೋ. ಅಡುಗೆ ಮಾಡಲು ಬರುತ್ತಿದ್ದ ಹೆಂಗಸಿಗೆ ಎಲ್ಲರೂ ಉಂಡು ಎದ್ದ ಮೇಲೆ, ಹಿತ್ತಲ ಕಡೆ, ಬೇರೆಯಾಗಿ ಬಡಿಸುತ್ತಿದ್ದರಲ್ಲ, ಅದು ನನ್ನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು. ಕೇಳಿದರೆ "ಅವಳಿಗೇನೂ ಬೇಜಾರಿಲ್ಲ" ಅಂದರು. ಅವಳನ್ನು ಯಾರು ಕೇಳಿದ್ದರೋ!

ಹಾರ್ಮೋನಿಯಂ ಶ್ರುತಿ ಕೇಳಿದರೇ ತಲೆ ಸಿಡಿಯುವ ಮಟ್ಟಕ್ಕೆ ಬಂದೆ. ಮನೆಯಲ್ಲಿ ದೀಪ ಹಚ್ಚಿದರೂ ಕೈ ಮುಗಿಯಲು ಮನಸ್ಸು ಬಾರದು. ಇದು ಮೈಯ ಸುಸ್ತಾ, ನಂಬಿಕೆಯ ಸುಸ್ತಾ ಅನ್ನುವುದೂ ಗೊತ್ತಾಗುತ್ತಿರಲಿಲ್ಲ.

ಅಂಥ ಹೊತ್ತಿನಲ್ಲೇ ಆಷಾಢದ ವಾರಿ, ಅಂದರೆ ಪಂಢರಪುರದ ವಿಠ್ಠಲನ ಗುಡಿಗೆ ನಡೆದು ಹೋಗುವ ಯಾತ್ರೆ, ಬಂತು. ಪುಣೆಯಲ್ಲಿ ಇದ್ದವರಿಗೆ ಇದನ್ನು ಹೇಳಬೇಕಾಗಿಲ್ಲ. ಆಳಂದಿಯಿಂದ ಜ್ಞಾನೇಶ್ವರರ ಪಾದುಕೆ, ದೇಹುವಿನಿಂದ ತುಕಾರಾಮರ ಪಾದುಕೆ, ಎರಡೂ ಪಾಲಕಿಗಳು ಊರಿಗೆ ಬಂದು, ಜ್ಞಾನೇಶ್ವರರದ್ದು ಭವಾನಿ ಪೇಟೆಯಲ್ಲಿ, ತುಕಾರಾಮರದ್ದು ನಾನಾ ಪೇಟೆಯಲ್ಲಿ ತಂಗುತ್ತವೆ. ಅಲ್ಲಿಂದ ಜ್ಞಾನೇಶ್ವರರದ್ದು ಸಾಸವಡದ ದಾರಿ ಹಿಡಿಯುತ್ತದೆ, ತುಕಾರಾಮರದ್ದು ಲೋಣಿ ಕಾಳಭೋರದ ದಾರಿ. ಪಂಢರಪುರದವರೆಗೆ ಹೋಗಲಾಗದ ನಮ್ಮಂಥವರು ಒಂದು ದಿನ ದಿವೆ ಘಾಟ್ ಹತ್ತಿ, ಸಾಸವಡದಲ್ಲಿ ನಮಸ್ಕಾರ ಹಾಕಿ, ಬಸ್ಸು ಹಿಡಿದು ವಾಪಸ್ ಬರುತ್ತೇವೆ. ಸಮಿತಿ, ಸಭೆ, ಲೆಕ್ಕ ಯಾವುದೂ ಇಲ್ಲದ ಕಡೆ ಸುಮ್ನೆ ನಡೆಯೋಣ ಅಂತ ಹೊರಟೆ.

ಆದರೆ ವಾರಿಯಲ್ಲಿ ಲೆಕ್ಕವಿಲ್ಲ ಅನ್ನುವುದು ದೂರದಿಂದ ನೋಡಿದವರ ಮಾತು. ದಿಂಡಿ ಅಂದರೆ ಭಜನೆ ಹಾಡುತ್ತಾ ಒಟ್ಟಿಗೆ ನಡೆಯುವ ತಂಡ. ಒಂದೊಂದು ದಿಂಡಿಗೂ ನಂಬರ್ ಇದೆ. ಮಾವುಲಿಯ (ಜ್ಞಾನೇಶ್ವರರನ್ನು ಹಾಗೆ, ತಾಯಿ ಅಂತ ಕರೆಯುತ್ತಾರೆ) ರಥದ ಮುಂದೆ 27 ದಿಂಡಿ, ಉಳಿದವು ಹಿಂದೆ. ಯಾರ ಹಿಂದೆ ಯಾರು ಅನ್ನುವುದು ನಿಗದಿ. ವೀಣೆಯವರು ಎಲ್ಲಿ, ಪತಾಕೆಯವರು ಎಲ್ಲಿ, ತುಳಸಿ ಹೊತ್ತ ಹೆಂಗಸರು ಎಲ್ಲಿ, ಎಲ್ಲಕ್ಕೂ ಕ್ರಮ. 1832ರಲ್ಲಿ ಇದನ್ನೆಲ್ಲ ಕಟ್ಟಿದ್ದು ಹೈಬತಬಾಬಾ ಅನ್ನುವ ಜ್ಞಾನೇಶ್ವರ ಭಕ್ತರು. ಇಂದಿಗೂ ಪಾಲಕಿಯ ಕುದುರೆಗಳು ಬರುವುದು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ, ಶಿತೋಳೆ ಸರದಾರರ ಮನೆಯಿಂದ. ಒಂದರ ಮೇಲೆ ಸವಾರ ಇರುತ್ತಾನೆ, ಇನ್ನೊಂದರ ಮೇಲೆ ಯಾರೂ ಇಲ್ಲ, ಅದು ಮಾವುಲಿಯದ್ದು. ಕರ್ನಾಟಕದಿಂದ ನಡೆದು ಬಂದ ಕುದುರೆ ಅಂತ ಪಕ್ಕದಲ್ಲಿದ್ದ ಮರಾಠಿಯವರಿಗೆ ಹೇಳಿ ಸ್ವಲ್ಪ ಜಂಬ ಪಟ್ಟೆ, ಸುಳ್ಳೇಕೆ ಹೇಳಲಿ.

ಇನ್ನೂ ಒಂದು ವಿಷಯ ಇದೆ. ಪಾಲಕಿ ಶುರು ಮಾಡಿದ್ದು 1685ರಲ್ಲಿ ತುಕಾರಾಮರ ಮಗ ನಾರಾಯಣ ಮಹಾರಾಜರು ಅಂತಾರೆ. ಆಗ ಎರಡೂ ಪಾದುಕೆ ಒಟ್ಟಿಗೇ ಹೋಗುತ್ತಿದ್ದವಂತೆ. ಆಮೇಲೆ ಮನೆತನದೊಳಗೆ ಹಕ್ಕು, ಮಾನ ಅಂತ ತಕರಾರು ಎದ್ದು ಪಾಲಕಿಗಳು ಬೇರೆಯಾದವು. ಅಂದರೆ ನಾವು ಕೈ ಮುಗಿಯುವ ಈ ಎರಡು ಪಾಲಕಿಗಳ ಹಿಂದೆಯೂ ಒಂದು ಜಗಳ ಇದೆ! ಈಗಲೂ ಪ್ರತಿ ವರ್ಷ ಪುಣೆಯಲ್ಲಿ ಸೇರುತ್ತವೆ, ಮತ್ತೆ ಬೇರೆ ಬೇರೆ ದಾರಿ ಹಿಡಿಯುತ್ತವೆ. ಇದು ಗೊತ್ತಿದ್ದಿದ್ದರೆ ನಮ್ಮ ಮಂಡಳಿ ಬಗ್ಗೆ ಅಷ್ಟು ಆಕಾಶ ಬಿದ್ದವರ ಹಾಗೆ ಆಡುತ್ತಿರಲಿಲ್ಲವೇನೋ.

ಘಾಟ್ ಹತ್ತುವ ದಿನ ಸಾಮಾನ್ಯವಾಗಿ ಏಕಾದಶಿ. ಹೊಟ್ಟೆಯಲ್ಲಿ ಸಾಬೂದಾನಿ ಖಿಚಡಿ ಬಿಟ್ಟರೆ ಏನಿಲ್ಲ. ಅರ್ಧಕ್ಕೆ ಬಂದಾಗ ಕಾಲು ಸೋತು ನಿಂತೆ. ಹಿಂದಿನಿಂದ ಕನ್ನಡ ಕೇಳಿಸಿತು.

"ಯಾಕವ್ವಾ, ದಣದೀ ಏನು? ಕೂಡು ಸ್ವಲ್ಪ. ಪಾಲಕಿ ಎಲ್ಲಿ ಓಡಿ ಹೋಗತೈತಿ?"

ಇಂಡಿ ತಾಲ್ಲೂಕಿನ ಅಜ್ಜಿ. ತಲೆ ಮೇಲೆ ಗಂಟು, ಕೊರಳಲ್ಲಿ ತುಳಸಿ ಮಣಿ. ಇಬ್ಬರೂ ಕಲ್ಲಿನ ಮೇಲೆ ಕೂತೆವು. ನಾನು ಸುಮ್ಮನಿರಬೇಕಲ್ಲ, ಮಂಡಳಿಯ ಕಥೆಯೆಲ್ಲ ಹೇಳಿದೆ. ಅಜ್ಜಿ ಬಾಳೆಹಣ್ಣು ಸುಲಿಯುತ್ತಾ ಕೇಳಿಸಿಕೊಂಡರು. ಆಮೇಲೆ ಅಂದರು, "ನಮ್ಮ ದಿಂಡ್ಯಾಗೂ ಹೋದ ವರ್ಷ ರೊಕ್ಕದ ಸಲುವಾಗಿ ಜಗಳಾತು. ಊಟಕ್ಕ, ಡೇರೇಕ್ಕ ಅಂತ ಇಸಗೊಂಡು ಲೆಕ್ಕಾನ ಹೇಳಲಿಲ್ಲ. ಕೇಳೇ ಕೇಳಿದ್ವಿ. ಹೇಳಲಿಲ್ಲ. ಈ ವರ್ಷ ಬ್ಯಾರೆ ದಿಂಡಿ ಹಿಡದು ಬಂದೀನಿ."

"ಬೇಜಾರಾಗಲಿಲ್ಲವಾ ಅಜ್ಜಿ?"

"ಆತು. ಮನ್ಯಾಗ ಕುಂತು ಅತ್ತೆ. ಮತ್ತ ವಿಠ್ಠಲಂದೇನು ತಪ್ಪೈತಿ ಅದರಾಗ?"

ಅವರು ಎದ್ದರು. ನಾನೂ ಎದ್ದೆ. ಮೇಲೆ ಹೋಗುವಷ್ಟರಲ್ಲಿ ಅಜ್ಜಿ ನನಗಿಂತ ಬಹಳ ಮುಂದೆ ಇದ್ದರು.

ಆ ರಾತ್ರಿ ಸಾಸವಡದಲ್ಲಿ ನೋಡಿದ ಸಮಾಜ ಆರತಿಯ ಬಗ್ಗೆ ಹೇಳಲೇಬೇಕು. ಪಾಲಕಿ ತಂಗಿದ ಮೇಲೆ ದಿಂಡಿಗಳೆಲ್ಲ ಸುತ್ತ ಬಂದು ನಿಲ್ಲುತ್ತವೆ. ಅಷ್ಟೂ ತಾಳ, ಅಷ್ಟೂ ಪಖಾವಜ್ ಒಟ್ಟಿಗೆ. ಪಕ್ಕದವರು ಕೂಗಿದರೂ ಕೇಳಿಸದು. ಆಗ ಪಾಲಕಿಯ ಶಿಸ್ತು ನೋಡಿಕೊಳ್ಳುವ ಚೋಪದಾರರು ಕೈಯಲ್ಲಿರುವ ಕೋಲು ಎತ್ತುತ್ತಾರೆ. ತಟ್ಟನೆ ಎಲ್ಲ ಬಂದ್. ಯಾರದ್ದೇನು ಕಳೆದಿದೆ, ಏನು ಸಿಕ್ಕಿದೆ, ನಾಳೆ ಎಷ್ಟು ಹೊತ್ತಿಗೆ ಹೊರಡುವುದು, ಇವನ್ನೆಲ್ಲ ಆಗಲೇ ಹೇಳುವುದು. ಆದರೆ ಯಾವ ದಿಂಡಿಗೆ ದೂರು ಇದೆಯೋ ಅದು ಮಾತ್ರ ತಾಳ ನಿಲ್ಲಿಸುವುದಿಲ್ಲ. ಬಾರಿಸುತ್ತಲೇ ಇರುತ್ತದೆ. ಚೋಪದಾರರು ಆ ದಿಂಡಿಯ ಹತ್ತಿರ ಹೋಗಿ, ಏನು ತೊಂದರೆ ಅಂತ ಕೇಳಬೇಕು. ಅದಾದ ಮೇಲೆಯೇ ಆರತಿ. ಅವತ್ತು ಒಂದು ಮೂಲೆಯಲ್ಲಿ ತಾಳ ನಡೆದೇ ಇತ್ತು. ನೀರಿನ ಟ್ಯಾಂಕರ್ ವಿಷಯ ಅಂತೆ. ಯಾರೂ ಅವರನ್ನು ಗದರಿಸಲಿಲ್ಲ, ಭಕ್ತಿ ಕಡಿಮೆಯಾಗಿದೆ ಅನ್ನಲಿಲ್ಲ. ಭಜನೆಗೆ ಹಿಡಿದ ತಾಳದಲ್ಲೇ ದೂರು ಹೇಳುವುದು, ಮಾವುಲಿಯ ಎದುರಿಗೇ ಹೇಳುವುದು, ಅದನ್ನು ಕೇಳದೆ ಆರತಿ ಎತ್ತದೇ ಇರುವುದು! ಇಷ್ಟು ದಿನ ನನಗೆ ಬೇಕಾಗಿದ್ದದ್ದು ಇಷ್ಟೇ ಅಲ್ವಾ ಅನ್ನಿಸಿ ಅಲ್ಲೇ ಕಣ್ಣು ತುಂಬಿತು.

ಎಲ್ಲ ದೂರಿಗೂ ಕಿವಿ ಸಿಕ್ಕಿತು ಅಂತ ಹೇಳಲಾರೆ. ಅಸ್ಪೃಶ್ಯ ಅನ್ನಿಸಿಕೊಂಡ ಜಾತಿಯ ಸಂತ ಚೋಖಾಮೇಳ ವಿಠ್ಠಲನನ್ನು ಹಾಡುತ್ತಲೇ ಪಂಢರಪುರದ ಗುಡಿ ಬಾಗಿಲ ಹೊರಗೆ ನಿಂತ. ಅವನ ಸಮಾಧಿಯೂ ಗುಡಿಯ ಹೊರಗೇ ಇದೆ. ಆ ಬಾಗಿಲು ದಲಿತರಿಗೆ ತೆರೆಯಲು 1947ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಸಾನೆ ಗುರೂಜಿ ಉಪವಾಸ ಕೂರಬೇಕಾಯಿತು. ತುಕಾರಾಮರು ಬರೆದ ಭಕ್ತಿಪದಗಳನ್ನು, ಅಂದರೆ ಅಭಂಗಗಳನ್ನು, ಇಂದ್ರಾಯಣಿ ಹೊಳೆಗೆ ಹಾಕಿಸಿದವರೂ ದೇವರ ಹೆಸರು ಹೇಳುವ ಜನರೇ. ನಮ್ಮ ದಾಸರು ವಿಠಲನ ಹತ್ತಿರವೇ ಜಗಳ ತೆಗೆದರು, ಡಂಭದ ಭಕ್ತರನ್ನೂ ಬಿಡಲಿಲ್ಲ. ನಾವು ಶನಿವಾರ ಅವೇ ಪದಗಳನ್ನು ರಾಗವಾಗಿ ಹಾಡಿ, ಹಿತ್ತಲಲ್ಲಿ ಬೇರೆ ಎಲೆ ಹಾಕುತ್ತೇವೆ.

ವಾರಿಯ ಇನ್ನೊಂದು ಗುಣ ನನಗೆ ಹಿಡಿಸಿತು. ಅದು ಮುಗಿಯುತ್ತದೆ. ವಾರಿ ನಡೆಯುವ ವಾರಕರಿ ಸನ್ಯಾಸಿಯಲ್ಲ, ಸಂಸಾರಿ. ಏಕಾದಶಿ ಮಾಡಿ, ಹೊಲಕ್ಕೆ, ಮನೆಗೆ ವಾಪಸ್ ಹೋಗುತ್ತಾನೆ. ವರ್ಷವಿಡೀ ಉಗ್ರಾಣ ಕಾಯುವ ವ್ರತ ಯಾರೂ ಹಿಡಿದಿಲ್ಲ.

ಆಷಾಢ ಏಕಾದಶಿಗೆ ದೇವರೇ ಮಲಗುತ್ತಾನೆ, ಕಾರ್ತಿಕದಲ್ಲಿ ಏಳುತ್ತಾನೆ. ಅವನೇ ನಾಲ್ಕು ತಿಂಗಳು ಮಲಗಿರುವಾಗ ನಾನೇಕೆ ಓಡಾಡಲಿ ಅಂತ ಉಗ್ರಾಣದ ಬೀಗದ ಕೈಯನ್ನು ಮಂಡಳಿಯ ಹಿರಿಯರ ಕೈಗೆ ಕೊಟ್ಟೆ. ಕಾರ್ತಿಕದ ತನಕ ಬರೀ ಹಾಡಲು ಬರ್ತೀನಿ ಅಂದೆ. ಜೊತೆಗೆ ಎರಡು ವಿಷಯ ಕೇಳಿದೆ. ತಿಂಗಳಿಗೊಮ್ಮೆ ಲೆಕ್ಕ ಎಲ್ಲರೆದುರು ಓದಬೇಕು. ಅಡುಗೆಯವರೂ ನಮ್ಮ ಪಂಕ್ತಿಯಲ್ಲೇ ಕೂರಬೇಕು.

ಒಬ್ಬರು ಗುಂಪಿನಲ್ಲಿ ಮಾತು ಬಿಟ್ಟಿದ್ದಾರೆ. ಒಬ್ಬರು ಫೋನ್ ಮಾಡಿ, ನಾನೂ ಇದನ್ನೇ ಹೇಳಬೇಕು ಅಂತಿದ್ದೆ ಕಣ್ರೀ ಅಂದರು. ಲೆಕ್ಕ ಓದುವುದಕ್ಕೆ ಹೂಂ ಅಂದಿದ್ದಾರೆ, ನೋಡಬೇಕು. ಪಂಕ್ತಿಯ ವಿಷಯಕ್ಕೆ ಇನ್ನೂ ಯಾರೂ ಬಾಯಿ ಬಿಟ್ಟಿಲ್ಲ. ಪ್ರತಿ ಶನಿವಾರ ಕೇಳುತ್ತಿದ್ದೇನೆ, ಮಂಗಳಾರತಿಗೆ ಮುಂಚೆ.