ಟಕೋಮಾಗೆ ಸೂಪರ್‌ಚಾರ್ಜರ್ ಕೂರಿಸಿದ ಶನಿವಾರ

ಕೊಲೊರಾಡೊದ ಬಂಕುಗಳಲ್ಲಿ ರೆಗ್ಯುಲರ್ ಪೆಟ್ರೋಲ್ ಅಂದರೆ 85 ಆಕ್ಟೇನ್ (ಒತ್ತಡಕ್ಕೆ ಹೊತ್ತಿಗೆ ಮುಂಚೆ ಹತ್ತಿಕೊಳ್ಳದೆ ಪೆಟ್ರೋಲ್ ಎಷ್ಟು ತಡೆಯುತ್ತದೆ ಅನ್ನುವ ಅಳತೆ). ಅಮೆರಿಕದ ಹೆಚ್ಚಿನ ಕಡೆ ಅದು 87. ಇಲ್ಲಿ ಗಾಳಿಯೇ ತೆಳು, ಸಿಲಿಂಡರ್ ಒಳಗೆ ಒತ್ತಡವೂ ಕಮ್ಮಿ, ಅಷ್ಟು ಸಾಕು ಅನ್ನುವುದು ಹಳೇ ಲೆಕ್ಕ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಇದ್ದರೆ 5,280 ಅಡಿ ಎತ್ತರದ ಡೆನ್ವರ್‌ನಲ್ಲಿ ಸುಮಾರು 12. ಮಾಮೂಲಿ ಎಂಜಿನ್ ಸಾವಿರ ಅಡಿಗೆ ಹೆಚ್ಚುಕಮ್ಮಿ ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ನನ್ನ ಟೊಯೋಟಾ ಟಕೋಮಾ ಪಿಕಪ್‌ನ 3.5 ಲೀಟರ್ ವಿ6 ಎಂಜಿನ್ನಿಗೆ ಕಾಗದದ ಮೇಲೆ 278 ಹಾರ್ಸ್‌ಪವರ್ ಇದೆ, ಆದರೆ ಮನೆ ಮುಂದೆ ನಿಂತಿರುವಾಗಲೇ ಅದರಲ್ಲಿ ಆರನೇ ಒಂದು ಪಾಲು ಇಲ್ಲ.

ಗಾಡಿಯ ಹಿಂದೆ ಸಣ್ಣ ಕ್ಯಾಂಪರ್ ಟ್ರೇಲರ್ ಕಟ್ಟಿಕೊಂಡು ಐ-70 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟರೆ ನಿಜವಾದ ಕಷ್ಟ ಗೊತ್ತಾಗುತ್ತದೆ. ಜಾರ್ಜ್‌ಟೌನ್ ದಾಟಿದ ಮೇಲೆ ಐಸೆನ್‌ಹೋವರ್ ಸುರಂಗದವರೆಗೂ ಏರು, ಸುರಂಗ ಇರುವುದು 11,158 ಅಡಿಯಲ್ಲಿ. ಈ ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಪೂರ್ತಿ ಸಿಗುವುದೇ 4,600 ಆರ್‌ಪಿಎಂಗೆ, ಹಾಗಾಗಿ ಗೇರ್‌ಬಾಕ್ಸ್ ಸುಮ್ನೆ ಇರುವುದಿಲ್ಲ, ನಾಲ್ಕಕ್ಕೆ ಹೋಗುತ್ತದೆ, ಮೂರಕ್ಕೆ ಇಳಿಯುತ್ತದೆ, ಮತ್ತೆ ನಾಲ್ಕು, ಎಂಜಿನ್ ಕಿರುಚಾಟ ಕೇಳಿ ಪಕ್ಕದಲ್ಲಿ ಕೂತ ಹೆಂಡತಿ ನನ್ನ ಮುಖ ನೋಡುತ್ತಾಳೆ, ಬಲಗಡೆ ಲೇನಿನಲ್ಲಿ ಹಜಾರ್ಡ್ ಲೈಟ್ ಹಾಕಿಕೊಂಡು ತೆವಳುವ ಲಾರಿಗಳ ಸಾಲಿಗೆ ನಾವೂ ಸೇರಿಕೊಳ್ಳುತ್ತೇವೆ.

ಇದಕ್ಕೇ ಸೂಪರ್‌ಚಾರ್ಜರ್, ಎಂಜಿನ್ನಿನ ಬೆಲ್ಟಿನಿಂದ ತಿರುಗಿ ಗಾಳಿಯನ್ನು ಒತ್ತಿ ಒಳಗೆ ನೂಕುವ ಯಂತ್ರ. ಸ್ಪೀಡಿನ ಹುಚ್ಚು ಅಲ್ಲ. ಕಳೆದುಹೋದ ಗಾಳಿಯನ್ನು ದುಡ್ಡು ಕೊಟ್ಟು ವಾಪಸ್ ತರುವ ಕೆಲಸ.

ಪುತ್ತೂರಿನ ಗೆಳೆಯ ಒಬ್ಬ ಇಲ್ಲೇ ಹತ್ತಿರ ಇದ್ದಾನೆ. ಅವನದು ಫೋರ್ಡ್ ಎಫ್-150, ಎರಡು ಟರ್ಬೊ ಇರುವ ಇಕೋಬೂಸ್ಟ್. ಟರ್ಬೊ ಮಾಡುವುದೂ ಗಾಳಿ ಒತ್ತುವ ಕೆಲಸವೇ, ಆದರೆ ಬೆಲ್ಟಿನಿಂದ ಅಲ್ಲ, ಎಂಜಿನ್ ಉಗುಳುವ ಹೊಗೆಯ ರಭಸಕ್ಕೆ ತಿರುಗುತ್ತದೆ. "ಎಂತಕ್ಕೆ ಮಾರಾಯ ಇದೆಲ್ಲ, ಮಾರಿ ಟರ್ಬೊ ಗಾಡಿ ತಗೊಳ್ಳೋದಲ್ವಾ" ಅಂತ ಶುರು ಮಾಡಿದವನು, ಶನಿವಾರ ಬೆಳಿಗ್ಗೆ ನನಗಿಂತ ಮೊದಲೇ ಗ್ಯಾರೇಜಿಗೆ ಟೂಲ್ ಬಾಕ್ಸ್ ತಂದಿಟ್ಟಿದ್ದ.

ಕಿಟ್ ಮ್ಯಾಗ್ನಸನ್ ಕಂಪನಿಯದು, ಕ್ಯಾಲಿಫೋರ್ನಿಯಾದ ವೆಂಚುರಾದವರು. ಒಳಗಿರುವುದು ಈಟನ್ ಕಂಪನಿಯ ಟಿವಿಎಸ್ (ನಮ್ಮ ಬೈಕಿನ ಟಿವಿಎಸ್ ಅಲ್ಲ) ರೋಟರ್: ಒಂದಕ್ಕೊಂದು ಹೆಣೆದುಕೊಂಡ ಎರಡು ಉರುಳೆ, ಪ್ರತಿಯೊಂದಕ್ಕೂ ನಾಲ್ಕು ರೆಕ್ಕೆ, ರೆಕ್ಕೆ 160 ಡಿಗ್ರಿ ತಿರುಚಿದೆ. ಕೈಯಲ್ಲಿ ಪುಲ್ಲಿ ತಿರುಗಿಸಿದರೆ ಎರಡೂ ಒಂದನ್ನೊಂದು ಮುಟ್ಟದೆ ಸುತ್ತುತ್ತವೆ, ನಡುವೆ ಕೂದಲೆಳೆಯಷ್ಟು ಜಾಗ. ಇದರ ಮೂಲ ಕಾರಿನದ್ದೇ ಅಲ್ಲ. ಇಂಡಿಯಾನಾದ ರೂಟ್ಸ್ ಅಣ್ಣತಮ್ಮಂದಿರು 1860ರಲ್ಲಿ ಪೇಟೆಂಟ್ ಪಡೆದ ಬ್ಲೋವರ್ ಇದು, ಆಗ ಕುಲುಮೆಗಳಿಗೆ ಗಾಳಿ ಊದುತ್ತಿತ್ತು. ನಮ್ಮ ಕಮ್ಮಾರರ ತಿದಿ ಮಾಡುವ ಕೆಲಸವೇ, ಬೆಲ್ಟಿಗೆ ಕಟ್ಟಿದ್ದಾರೆ ಅಷ್ಟೆ.

ಬ್ಯಾಟರಿ ತೆಗೆದು, ಕೂಲೆಂಟ್ ಇಳಿಸಿ, ಮುಂದಿನ ಗ್ರಿಲ್ ಬಿಚ್ಚಿ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮೇಲಿನ ಇನ್‌ಟೇಕ್ ಮ್ಯಾನಿಫೋಲ್ಡ್ ಎತ್ತಿದೆವು. ಎತ್ತಿದ ತಕ್ಷಣ ಆರು ತೂತು ಬಾಯಿ ತೆರೆದುಕೊಂಡು ಕಾಣುತ್ತವೆ, ನೇರ ವಾಲ್ವ್‌ಗಳಿಗೆ ದಾರಿ. ಗೆಳೆಯ ಮಾತೇ ಆಡದೆ ಅಷ್ಟಕ್ಕೂ ಟೇಪ್ ಅಂಟಿಸಿದ. ಸ್ವಲ್ಪ ಹೊತ್ತಿಗೆ ಫೈರ್‌ವಾಲ್ (ಎಂಜಿನ್ ಹಿಂದಿನ ಗೋಡೆ) ಕಡೆಯ, ಕಣ್ಣಿಗೆ ಕಾಣದ ಬೋಲ್ಟ್ ಜೊತೆ ಗುದ್ದಾಡುವಾಗ 10 ಎಂಎಂ ಸಾಕೆಟ್ ಕೈ ಜಾರಿ ಟಪ್ ಅಂತ ಆ ಟೇಪಿನ ಮೇಲೇ ಬಿತ್ತು. ಇಬ್ಬರೂ ಉಸಿರು ಬಿಟ್ಟೆವು. ಟೇಪ್ ಇಲ್ಲದಿದ್ದರೆ ಆ ದಿನ ಎಂಜಿನ್ ಹೆಡ್ ಬಿಚ್ಚುವ ಮಾತಾಗುತ್ತಿತ್ತು.

ಬ್ಲೋವರ್ ಕೂರಿಸುವುದಕ್ಕೆ ಹಿಡಿದದ್ದು ಸ್ವಲ್ಪವೇ ಹೊತ್ತು. ದಿನ ತಿಂದದ್ದು ಬಿಸಿ ತೆಗೆಯುವ ವ್ಯವಸ್ಥೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ, ಬಿಸಿ ಗಾಳಿ ಹೋದರೆ ಪೆಟ್ರೋಲ್ ಹೊತ್ತಿಗೆ ಮುಂಚೆ ಹತ್ತಿಕೊಂಡು ನಾಕಿಂಗ್ ಶುರು. ಈ ಎಂಜಿನ್ನಿನ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿಯನ್ನು ಒತ್ತುವ ಅನುಪಾತ, ಮೊದಲೇ 11.8, ಅಲ್ಲಿ ತಮಾಷೆ ನಡೆಯುವುದಿಲ್ಲ. ಅದಕ್ಕೇ ನೀರಿನ ಇಂಟರ್‌ಕೂಲರ್, ಮುಂದೆ ಇನ್ನೊಂದು ಪುಟ್ಟ ರೇಡಿಯೇಟರ್, ಅದಕ್ಕೆ ಬೇರೆ ಪಂಪ್, ಬೇರೆ ಪೈಪು. ಪೈಪಿನೊಳಗಿನ ಗಾಳಿ ಗುಳ್ಳೆ ಪೂರ್ತಿ ಹೊರಗೆ ಬರುವವರೆಗೂ ಪಂಪ್ ಓಡಿಸಿ, ನೀರು ಹಾಕಿ, ಮತ್ತೆ ಓಡಿಸಿ, ಟ್ಯಾಂಕಿನ ಬಾಯಿಗೆ ಟಾರ್ಚ್ ಬಿಟ್ಟುಕೊಂಡು ಕೂತಿದ್ದೆವು. ಹೆಂಡತಿ ತಂದಿಟ್ಟ ಚಿತ್ರಾನ್ನ ಬಾನೆಟ್ ಪಕ್ಕದಲ್ಲೇ ಆರಿತು.

ಹೊಸ ಟ್ಯೂನ್ ಹಾಕದೆ ಸ್ಟಾರ್ಟ್ ಮಾಡುವ ಹಾಗಿಲ್ಲ. ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಅನ್ನುವುದೆಲ್ಲ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಹೊಸದಾಗಿ ಹೇಳಬೇಕು. ಬರೆಯುವಾಗ ವೋಲ್ಟೇಜ್ ಬೀಳಬಾರದು ಅಂತ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿ, ಫೈಲ್ ಏರುವವರೆಗೂ ಗಾಡಿಯ ಬಾಗಿಲು ಕೂಡ ಮುಟ್ಟಲಿಲ್ಲ.

ವಿಡಿಯೊ ಕಾಲ್‌ನಲ್ಲಿ ಅಪ್ಪ ಹಾಸನದಿಂದ ಕೇಳಿದರು, "ಅಲ್ಲಪ್ಪಾ, ಹಿಂಗೆಲ್ಲ ಮಾಡಿದ್ರೆ ಆರ್‌ಟಿಒದವ್ರು ಸುಮ್ನೆ ಬಿಡ್ತಾರಾ?" ಅಲ್ಲಾದರೆ ಬಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆಯಲ್ಲ. ಇಲ್ಲಿಯೂ ಪೂರ್ತಿ ಸ್ವಾತಂತ್ರ್ಯ ಅಂತೇನಿಲ್ಲ, ಹೊಗೆ ನಿಯಮ ಮುರಿಯುವ ಹಾಗಿಲ್ಲ, ಅದಕ್ಕೆ ಕ್ಯಾಲಿಫೋರ್ನಿಯಾದ ಏರ್ ರಿಸೋರ್ಸಸ್ ಬೋರ್ಡ್ ಒಪ್ಪಿಗೆ ಇರುವ ಕಿಟ್ ನೋಡಿಯೇ ತಗೊಳ್ಳಬೇಕು. ವಾರಂಟಿ ವಿಷಯಕ್ಕೆ 1975ರ ಒಂದು ಕಾನೂನಿದೆ, ಹೊರಗಿನ ಪಾರ್ಟ್ ಹಾಕಿದ್ದೀರಿ ಅನ್ನುವ ಒಂದೇ ಕಾರಣಕ್ಕೆ ವಾರಂಟಿ ಪೂರಾ ರದ್ದು ಮಾಡುವಂತಿಲ್ಲ. ಆದರೆ ಪಿಸ್ಟನ್ ಒಡೆದರೆ ಡೀಲರ್ ಬೆರಳು ತೋರಿಸುವುದು ಈ ಬ್ಲೋವರ್ ಕಡೆಗೇ, ಅದು ಗೊತ್ತಿದ್ದೇ ಹಾಕಿಸಿದ್ದು.

ಮುಂದಿನ ವಾರ 91 ಆಕ್ಟೇನ್ ತುಂಬಿಸಿ, ಕ್ಯಾಂಪರ್ ಕಟ್ಟಿ, ಅದೇ ಏರು. ಪೆಡಲ್ ಒತ್ತಿದರೆ ಸಣ್ಣಗೆ ಸಿಳ್ಳೆ, ಗಾಡಿ ನಾಲ್ಕನೇ ಗೇರಿನಲ್ಲೇ ಹತ್ತಿತು. ಆದರೆ ಎತ್ತರ ಇಲ್ಲೂ ತನ್ನ ಪಾಲು ಕೇಳುತ್ತದೆ. ಬ್ಲೋವರ್ ಬೆಲ್ಟಿಗೆ ಕಟ್ಟಿಕೊಂಡಿರುವುದು, ಸಿಕ್ಕ ಗಾಳಿಯನ್ನು ಇಷ್ಟು ಪಟ್ಟು ಅಂತ ಒತ್ತುತ್ತದೆ. ಸಮುದ್ರ ಮಟ್ಟದಲ್ಲಿ 6 ಪಿಎಸ್‌ಐ ಜಾಸ್ತಿ ಕೊಡುವ ಪುಲ್ಲಿ, ಹೊರಗೆ 9.7 ಮಾತ್ರ ಇರುವ ಸುರಂಗದ ಬಾಯಲ್ಲಿ ಕೊಡುವುದು 4ರ ಆಸುಪಾಸು. ಕೂಡಿದರೆ 13.7, ಸಮುದ್ರ ಮಟ್ಟದ 14.7ರ ಹತ್ತಿರ. ಟರ್ಬೊ ಆದರೆ ಇನ್ನೂ ಜೋರಾಗಿ ತಿರುಗಿ ಆ ಕೊರತೆ ತುಂಬಿಕೊಳ್ಳುತ್ತದೆ.

ಅದನ್ನು ತೋರಿಸಲೆಂದೇ ಬಂದವನ ಹಾಗೆ ಗೆಳೆಯನ ಇಕೋಬೂಸ್ಟ್ ಸಿಲ್ವರ್ ಪ್ಲೂಮ್ ಹತ್ತಿರ ನಮ್ಮನ್ನು ದಾಟಿ ಹೋಯಿತು. ಡಿಲ್ಲನ್‌ನಲ್ಲಿ ಕಾಫಿ ಹಿಡಿದು ಕಾಯುತ್ತಿದ್ದ.

"ಎಂತ ಮಾರಾಯ, ಏಳೆಂಟು ಸಾವಿರ ಡಾಲರ್ ಕೊಟ್ಟು ಮಂಗಳೂರಿಗೆ ಮುಟ್ಟಿದ್ಯಾ?"

"ಇನ್ನೂ ಒಂದು ಪಿಎಸ್‌ಐ ಬಾಕಿ ಉಂಟು" ಅಂದೆ, ಅವನದೇ ಭಾಷೆಯಲ್ಲಿ. ಕಾಫಿ ದುಡ್ಡು ಅವನೇ ಕೊಟ್ಟ.