ಹಳೇ ಮಸ್ಟಾಂಗ್‌ಗೆ ಪವರ್ ಸ್ಟೀರಿಂಗ್ ರ‍್ಯಾಕ್: ಯಾವುದು ಹಾಕಿಸಲಿ?

1965ರಿಂದ 1970ರ ನಡುವಿನ ಫೋರ್ಡ್ ಮಸ್ಟಾಂಗ್ ಇಟ್ಟುಕೊಂಡಿರುವ ಕನ್ನಡಿಗರು, ಹೆಚ್ಚಾಗಿ ಅಮೆರಿಕದಲ್ಲಿರುವವರು, ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಪಾರ್ಕ್ ಮಾಡುವಾಗ ಸ್ಟೀರಿಂಗ್ ತಿರುಗಿಸೋಕೇ ಆಗಲ್ಲ, ಹೈವೇಗೆ ಹೋದರೆ ಗಾಡಿ ಅತ್ತಿತ್ತ ಎಳೆಯುತ್ತೆ. ಪವರ್ ರ‍್ಯಾಕ್ ಹಾಕಿಸೋಣ ಅಂತಿದ್ದೀನಿ, ಯಾವ ಕಿಟ್ ತಗೊಳ್ಳಲಿ?”

ರ‍್ಯಾಕ್ ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಅಡ್ಡಕ್ಕೆ ಸರಿದು ಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳು. ನನ್ನ ಉತ್ತರ: ಮುಂದಿನ ಸಸ್ಪೆನ್ಷನ್ ಫೋರ್ಡ್ ಕೊಟ್ಟದ್ದೇ ಆಗಿದ್ದು, ಅದನ್ನು ಹಾಗೇ ಉಳಿಸಿಕೊಳ್ಳುವುದಾದರೆ ರ‍್ಯಾಕ್ ಬೇಡ. ಇಂಟಿಗ್ರಲ್ ಪವರ್ ಬಾಕ್ಸ್, ಅಂದರೆ ಹೈಡ್ರಾಲಿಕ್ ಸಹಾಯ ಒಳಗೇ ಇರುವ ಸ್ಟೀರಿಂಗ್ ಬಾಕ್ಸ್ ಹಾಕಿಸಿ. ಮುಂಭಾಗದ ಸಸ್ಪೆನ್ಷನ್ ಪೂರ್ತಿ ಬದಲಾಗುತ್ತಿದ್ದರೆ ಮಾತ್ರ ರ‍್ಯಾಕ್.

ಆದರೆ ಎರಡಕ್ಕೂ ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಆಗಲೇಬೇಕು. ಹೈವೇಯಲ್ಲಿ ಎಳೆಯುವುದು ಎಷ್ಟೋ ಸಲ ಸವೆದ ಜಾಯಿಂಟ್‌ಗಳಿಂದ. ಎಂಜಿನ್ ಆಫ್ ಮಾಡಿ, ಚಕ್ರಗಳು ನೆಲದ ಮೇಲೇ ಇರಲಿ. ಒಬ್ಬರು ಒಳಗೆ ಕೂತು ಸ್ಟೀರಿಂಗ್ ಅನ್ನು ಎಡಕ್ಕೂ ಬಲಕ್ಕೂ ಎರಡೆರಡು ಇಂಚು ಆಡಿಸುತ್ತಿರಲಿ. ಇನ್ನೊಬ್ಬರು ಕೆಳಗೆ ಮಲಗಿ ಪಿಟ್‌ಮನ್ ಆರ್ಮ್ (ಬಾಕ್ಸ್‌ನಿಂದ ಹೊರಬರುವ ತೋಳು), ಸೆಂಟರ್ ಲಿಂಕ್ (ಎರಡೂ ಬದಿಯನ್ನು ಜೋಡಿಸುವ ಅಡ್ಡ ಸರಳು), ಐಡ್ಲರ್ ಆರ್ಮ್ (ಅದರ ಇನ್ನೊಂದು ತುದಿ ಹಿಡಿಯುವ ತೋಳು), ನಾಲ್ಕು ಟೈ ರಾಡ್ ಎಂಡ್ (ಚಕ್ರ ತಿರುಗಿಸುವ ಸರಳುಗಳ ತುದಿ), ಹೀಗೆ ಒಂದೊಂದೇ ಜಾಯಿಂಟನ್ನು ಅಂಗೈಯಲ್ಲಿ ಹಿಡಿದು ನೋಡಲಿ. ಸವೆದ ಜಾಯಿಂಟ್‌ನಲ್ಲಿ ‘ಟಕ್’ ಅನ್ನುವುದು ಕಿವಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ಬಾಕ್ಸ್‌ಗೆ ಹೋಗುವ ಶಾಫ್ಟ್ ತಿರುಗಿಯೂ ಪಿಟ್‌ಮನ್ ಆರ್ಮ್ ಅಲ್ಲಾಡದಿದ್ದರೆ ಪ್ಲೇ, ಅಂದರೆ ಸಡಿಲ, ಇರುವುದು ಬಾಕ್ಸ್ ಒಳಗೆ. ಅದರ ಅಡ್ಜಸ್ಟಿಂಗ್ ಸ್ಕ್ರೂ ಬಿಗಿ ಮಾಡುವುದಿದ್ದರೆ ಸೆಂಟರ್ ಲಿಂಕ್ ಕಳಚಿ, ಸ್ಟೀರಿಂಗ್ ನೇರ ಇಟ್ಟೇ ಮಾಡಬೇಕು. ಪಕ್ಕಕ್ಕೆ ತಿರುಗಿಸಿಟ್ಟು ಬಿಗಿ ಮಾಡಿದರೆ ನಡುವಿಗೆ ಬಂದಾಗ ಬಾಕ್ಸ್ ಹಿಡಿದುಕೊಳ್ಳುತ್ತದೆ.

ಈ ಗಾಡಿಗಳಲ್ಲಿ ಇರುವುದು ರೀಸರ್ಕ್ಯುಲೇಟಿಂಗ್ ಬಾಲ್ ಬಾಕ್ಸ್ (ಒಳಗೆ ಸುತ್ತುವ ಗುಂಡುಗಳ ಮೇಲೆ ನಡೆಯುವಂಥದ್ದು), 19:1 ಇಲ್ಲವೇ 16:1 ಅನುಪಾತದ್ದು, ಅಂದರೆ ಶಾಫ್ಟ್ 19 ಇಲ್ಲವೇ 16 ಡಿಗ್ರಿ ತಿರುಗಿದರೆ ಪಿಟ್‌ಮನ್ ಆರ್ಮ್ 1 ಡಿಗ್ರಿ. 1970ರವರೆಗೆ ಫೋರ್ಡ್ ಕೊಟ್ಟ ಪವರ್ ಸ್ಟೀರಿಂಗ್‌ನಲ್ಲಿ ಬಾಕ್ಸ್ ಒಳಗೆ ಹೈಡ್ರಾಲಿಕ್ ಏನೂ ಇಲ್ಲ. ಸೆಂಟರ್ ಲಿಂಕ್ ತುದಿಯಲ್ಲಿ ಒಂದು ಕಂಟ್ರೋಲ್ ವಾಲ್ವ್, ಲಿಂಕನ್ನು ತಳ್ಳಲು ಬೇರೆಯೇ ಒಂದು ಸಿಲಿಂಡರ್, ಇವೆರಡರ ನಡುವೆ ಹೋಸ್‌ಗಳು. ಸೀಲ್‌ಗೆ ವಯಸ್ಸಾದಂತೆ ಇವೆಲ್ಲ ಲೀಕ್ ಆಗುತ್ತವೆ. ಇಂಟಿಗ್ರಲ್ ಬಾಕ್ಸ್ ಹಾಕಿದರೆ ವಾಲ್ವ್, ಸಿಲಿಂಡರ್ ಎರಡೂ ಹೊರಗೆ ಹೋಗುತ್ತವೆ. ಉಳಿದ ಲಿಂಕೇಜ್ ಮೊದಲಿದ್ದ ಜಾಗದಲ್ಲೇ ಕೆಲಸ ಮಾಡುತ್ತದೆ.

ನಾನು ಬಾಕ್ಸ್ ಪರ ನಿಲ್ಲುವುದು ಆ ‘ಮೊದಲಿದ್ದ ಜಾಗ’ಕ್ಕಾಗಿ. ಚಕ್ರ ಗುಂಡಿಗೆ ಇಳಿದು ಏಳುವಾಗ ಚಕ್ರವನ್ನು ಹಿಡಿದಿರುವ ಕಂಟ್ರೋಲ್ ಆರ್ಮ್‌ಗಳು ಒಂದು ಕಮಾನಿನಲ್ಲಿ ಚಲಿಸುತ್ತವೆ, ಟೈ ರಾಡ್ ತನ್ನದೇ ಕಮಾನಿನಲ್ಲಿ. ಎರಡೂ ಹೊಂದಿಕೊಂಡರೆ ಚಕ್ರ ನೇರ ನೋಡುತ್ತದೆ. ಟೈ ರಾಡ್‌ನ ಒಳತುದಿ ಅರ್ಧ ಇಂಚು ಮೇಲೋ ಕೆಳಗೋ ಹೋದರೂ, ರಾಡ್ ಗಿಡ್ಡವಾದರೂ, ಪ್ರತಿ ಉಬ್ಬಿನಲ್ಲಿ ಚಕ್ರ ತಾನೇ ತಿರುಗುತ್ತದೆ. ಇದೇ ಬಂಪ್ ಸ್ಟೀರ್. ಹಳೇ ಸಸ್ಪೆನ್ಷನ್‌ಗೆ ಬೋಲ್ಟ್ ಮಾಡುವ ರ‍್ಯಾಕ್ ಕಿಟ್‌ಗಳಲ್ಲಿ ಟೈ ರಾಡ್‌ಗಳನ್ನು ರ‍್ಯಾಕ್‌ನ ನಡುವಿನ ಬ್ರ್ಯಾಕೆಟ್‌ಗೆ ಜೋಡಿಸಿ ಇದನ್ನು ಸರಿದೂಗಿಸುತ್ತಾರೆ. ಆದರೆ ಎಂಜಿನ್‌ನ ಎಣ್ಣೆ ಪ್ಯಾನ್ ಕೆಳಗೆ ಇರುವ ಜಾಗ ಕಡಿಮೆ. ಲಾಂಗ್ ಟ್ಯೂಬ್ ಹೆಡರ್‌ಗಳೂ (ಉದ್ದ ಎಕ್ಸಾಸ್ಟ್ ಪೈಪ್‌ಗಳು) ಮ್ಯಾನುಯಲ್ ಗಾಡಿಯ ಕ್ಲಚ್ ಜೆಡ್-ಬಾರ್ (ಪೆಡಲ್‌ನ ಒತ್ತು ಕ್ಲಚ್‌ಗೆ ತಲುಪಿಸುವ ಸರಳು) ಕೂಡ ಅದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಮೇಲಾಗಿ, ರ‍್ಯಾಕ್ ಎಷ್ಟು ಸರಿಯುತ್ತದೋ ಚಕ್ರ ಅಷ್ಟೇ ತಿರುಗುವುದು. ಹಲವು ಕಿಟ್‌ಗಳಲ್ಲಿ ಅದು ಸಾಲದೆ, ಒಂದೇ ಏಟಿಗೆ ತಿರುಗುತ್ತಿದ್ದ ರಸ್ತೆಯಲ್ಲಿ ರಿವರ್ಸ್ ತಗೊಳ್ಳಬೇಕಾಗುತ್ತದೆ. ಕಿಟ್ ಮಾರುವವರನ್ನು ಎರಡು ಸಂಖ್ಯೆ ಕೇಳಿ: ರ‍್ಯಾಕ್ ಒಟ್ಟು ಎಷ್ಟು ಇಂಚು ಸರಿಯುತ್ತದೆ, ಚಕ್ರ ಎರಡು ಇಂಚು ಮೇಲೆ ಕೆಳಗೆ ಹೋದಾಗ ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಎಷ್ಟು ಬದಲಾಗುತ್ತದೆ. ಎರಡನೆಯದು 1/16 ಇಂಚು ದಾಟಿದರೆ ನಾನು ಬೇಡ ಅನ್ನುತ್ತೇನೆ.

ಶಾಕ್ ಟವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂರುವ ಗೋಪುರ) ಕತ್ತರಿಸಿ ಮಸ್ಟಾಂಗ್ II ಶೈಲಿಯ ಕ್ರಾಸ್‌ಮೆಂಬರ್ (ಅಡ್ಡ ತೊಲೆ) ಕೂರಿಸುವವರ ಲೆಕ್ಕ ಬೇರೆ. 1974ರಲ್ಲಿ ಬಂದ ಆ ಕಾರಿನಲ್ಲಿ ರ‍್ಯಾಕ್ ಇರುವುದು ಆಕ್ಸಲ್‌ನ ಮುಂದೆ. ಅಲ್ಲಿ ಕಂಟ್ರೋಲ್ ಆರ್ಮ್, ಸ್ಪಿಂಡಲ್ (ಚಕ್ರ ಕೂರುವ ಭಾಗ), ರ‍್ಯಾಕ್ ಮೂರೂ ಒಂದೇ ಲೆಕ್ಕದಲ್ಲಿ ಕೂತಿರುವುದರಿಂದ ಕೆಲಸ ಚೆನ್ನಾಗಿ ಆಗುತ್ತದೆ. ಜನ ಮರೆಯುವುದು ಎಣ್ಣೆ ಒತ್ತುವ ಪಂಪ್ ವಿಷಯ. ಆ ರ‍್ಯಾಕ್‌ಗೆ 1000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒಳಗಿನ ಒತ್ತಡ, ನಿಮಿಷಕ್ಕೆ ಸುಮಾರು 2 ಗ್ಯಾಲನ್ ಹರಿವು ಸಾಕು. ಅದಕ್ಕಿಂತ ಹೆಚ್ಚು ಒತ್ತುವ ಜಿಎಂನ (ಜನರಲ್ ಮೋಟಾರ್ಸ್) ಸ್ಯಾಗಿನಾ ಪಂಪ್ ಹಾಗೇ ಜೋಡಿಸಿದರೆ ಬೆರಳು ತಾಗಿಸಿದರೂ ಗಾಡಿ ಲೇನ್ ಬದಲಿಸುತ್ತದೆ, ರ‍್ಯಾಕ್ ಕೆಟ್ಟಿದೆ ಅಂತ ವಾಪಸ್ ಕಳಿಸುವವರಿದ್ದಾರೆ. ಪಂಪ್‌ನ ಪ್ರೆಷರ್ ವಾಲ್ವ್‌ಗೆ ಶಿಮ್ (ತೆಳು ಬಿಲ್ಲೆ) ಹಾಕಿಸಿ, ಇಲ್ಲವೇ ಹರಿವು ತಗ್ಗಿಸುವ ಫಿಟಿಂಗ್ ಹಾಕಿಸಿ.

ಸ್ಟೀರಿಂಗ್ ಕಾಲಮ್ ಒಳಗೆ ಅಡಗಿಸುವ ಎಲೆಕ್ಟ್ರಿಕ್ ಮೋಟರ್ ಕೂಡ ಒಂದು ದಾರಿ. ಹೋಸ್ ಇಲ್ಲ, ಲೀಕ್ ಇಲ್ಲ. ಗಾಡಿ ನಿಂತಲ್ಲೇ ಸ್ಟೀರಿಂಗ್ ತಿರುಗಿಸುವ ಗಳಿಗೆಯಲ್ಲಿ ಅದು ಬಹಳ ಕರೆಂಟ್ ಎಳೆಯುತ್ತದೆ. ಹಳೇ ಆಲ್ಟರ್ನೇಟರ್ ಇಟ್ಟುಕೊಂಡು ಆ ದಾರಿ ಹಿಡಿಯಬೇಡಿ.

ಬಾಕ್ಸ್ ಇರಲಿ, ರ‍್ಯಾಕ್ ಇರಲಿ, 1967ರವರೆಗಿನ ಗಾಡಿಗಳಲ್ಲಿ ಬಾಕ್ಸ್‌ನ ಶಾಫ್ಟ್ ಸ್ಟೀರಿಂಗ್ ಚಕ್ರದವರೆಗೂ ಒಂದೇ ತುಂಡು. ಹಾಗಾಗಿ ಕಾಲಮ್ ಕತ್ತರಿಸಿ ಗಿಡ್ಡ ಮಾಡಿ, ಕೆಳತುದಿಗೆ ಬೇರಿಂಗ್ ಹಾಕುವ ಕೆಲಸವೂ ಸೇರುತ್ತದೆ. ಶಾಫ್ಟ್ ಜೋಡಿಸುವಾಗ ಒಂದು ಯೂ-ಜಾಯಿಂಟ್ (ಕೋನದಲ್ಲಿ ತಿರುಗುವ ಕೀಲು) 30 ಡಿಗ್ರಿಗಿಂತ ಹೆಚ್ಚು ಬಾಗದಿರಲಿ. ಎರಡು ಜಾಯಿಂಟ್ ಇದ್ದರೆ ಮಧ್ಯದ ಶಾಫ್ಟ್‌ನ ಎರಡೂ ತುದಿಯ ಕವಲುಗಳು ಒಂದೇ ದಿಕ್ಕಿಗೆ ಇರಬೇಕು, ತಪ್ಪಿದರೆ ತಿರುಗಿಸುವಾಗ ಒಮ್ಮೆ ಹಗುರ, ಒಮ್ಮೆ ಭಾರ. ಮೂರು ಇದ್ದರೆ ನಡುವೆ ಸಪೋರ್ಟ್ ಬೇರಿಂಗ್ ಬೇಕೇ ಬೇಕು. ಸೆಟ್ ಸ್ಕ್ರೂ ಕೂರುವ ಕಡೆ ಶಾಫ್ಟ್‌ಗೆ ಡ್ರಿಲ್‌ನಿಂದ ಸಣ್ಣ ಗುಳಿ ತೆಗೆದು, ಸ್ಕ್ರೂ ಇಳಿಸಿ, ಲಾಕ್ ನಟ್ ಬಿಗಿ ಮಾಡಿ.

ಪವರ್ ಸ್ಟೀರಿಂಗ್ ಎಣ್ಣೆ ತುಂಬಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಲು ಆತುರ ಬೇಡ. ಮುಂದಿನ ಚಕ್ರ ಜ್ಯಾಕ್ ಸ್ಟ್ಯಾಂಡ್ ಮೇಲೆ ಎತ್ತಿ, ಸ್ಟೀರಿಂಗ್ ಅನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ಇಪ್ಪತ್ತು ಸಲ ತಿರುಗಿಸಿ, ನಡುನಡುವೆ ಎಣ್ಣೆ ಮಟ್ಟ ನೋಡಿ. ಹೀಗೆ ಮಾಡದಿದ್ದರೆ ಎಣ್ಣೆ ನೊರೆಯಾಗಿ ಪಂಪ್ ನರಳುತ್ತದೆ.

ಕೊನೆಗೆ ಅಲೈನ್‌ಮೆಂಟ್. ಫೋರ್ಡ್‌ನ ಹಳೇ ಪುಸ್ತಕದ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ವಾಲು) ಲೆಕ್ಕ ಹಳೇ ಬಗೆಯ ಬಯಾಸ್ ಪ್ಲೈ ಟೈರ್ ಕಾಲದ್ದು. ರೇಡಿಯಲ್ ಟೈರ್, ಪವರ್ ಸ್ಟೀರಿಂಗ್ ಎರಡೂ ಇದ್ದರೆ ಕ್ಯಾಸ್ಟರ್ ಪ್ಲಸ್ 3 ಡಿಗ್ರಿ ಸುತ್ತ, ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ವಾಲು) ಮೈನಸ್ ಅರ್ಧ ಡಿಗ್ರಿ, ಟೋ-ಇನ್ 1/8 ಇಂಚು ಕೇಳಿ. 1967ರಿಂದ ಈಚೆಗಿನದಕ್ಕೆ ಸ್ಟ್ರಟ್ ರಾಡ್‌ನ (ಕೆಳಗಿನ ಕಂಟ್ರೋಲ್ ಆರ್ಮ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಸರಳು) ನಟ್‌ನಿಂದ ಕ್ಯಾಸ್ಟರ್ ಹೊಂದಿಸಬಹುದು, 1965–66ಕ್ಕೆ ಮೇಲಿನ ಕಂಟ್ರೋಲ್ ಆರ್ಮ್‌ನಲ್ಲಿ ಶಿಮ್ ಹಾಕಬೇಕು. ಅಂಗಡಿಯವರು ಟೋ ಒಂದನ್ನೇ ನೋಡಿ ಕಳಿಸಿಬಿಟ್ಟರೆ ಹೊಸ ಬಾಕ್ಸ್ ಹಾಕಿದ ಮೇಲೂ ಹೈವೇಯಲ್ಲಿ ಎಳೆಯುವುದು ನಿಲ್ಲಲ್ಲ. ಹೊರಡುವ ಮೊದಲು ಮೂರೂ ಅಳತೆಯ ಪ್ರಿಂಟ್ ಕೈಗೆ ತಗೊಳ್ಳಿ.