ಒಂದು ತೀರ್ಪು, ಎರಡು ಫೈಲು, ಒಂದು ಅರ್ಜಿ

ಎಲ್‌ಎಲ್‌ಎಂಗೆ ಅಂದರೆ ಕಾನೂನಿನ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕ್ತಿದೀನಿ ಅಂದಾಗ ಬಾರ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: "ಯಾಕ್ರೀ ಮೇಡಂ, ಲೆಕ್ಚರರ್ ಆಗ್ತೀರೇನು?" ಹಾಗೆ ಕೇಳೋದು ಸಹಜವೇ. ನಮ್ಮ ಕಡೆ ಎಲ್‌ಎಲ್‌ಎಂ ಅಂದರೆ ಮುಂದೆ ನೆಟ್ಟೋ ಕೆಸೆಟ್ಟೋ ಪಾಸಾಗಿ ಕಾನೂನು ಕಾಲೇಜಿನಲ್ಲಿ ಪಾಠ ಮಾಡುವವರ ಓದು. ವಕೀಲಿಕೆಗೆ ಅದರಿಂದ ಮೂರು ಕಾಸಿನ ಲಾಭ ಇಲ್ಲ. ಅದೇ ಕರಿ ಕೋಟು, ಅದೇ ಬಿಳಿ ಬ್ಯಾಂಡು. "ನೀವು ಎಲ್‌ಎಲ್‌ಎಂ ಮಾಡಿದೀರಿ, ತಗೊಳ್ಳಿ ಸ್ಟೇ" ಅಂತ ಯಾವ ಜಡ್ಜೂ ಕೊಡುವುದಿಲ್ಲ. ಕಕ್ಷಿದಾರರಿಗಂತೂ ಬೇಕಾದದ್ದು ಮುಂದಿನ ಡೇಟು ಅಷ್ಟೇ.

ನನಗೆ ಪಾಠ ಮಾಡುವ ಆಸೆ ಏನೂ ಇರಲಿಲ್ಲ. ನನ್ನ ಟೇಬಲ್ ಮೇಲೆ ಎರಡು ಫೈಲುಗಳಿದ್ದವು. ಇಡೀ ಅರ್ಜಿಯ ಕಥೆ ಶುರುವಾದದ್ದು ಅಲ್ಲಿಂದ.

ನಾನು ಪ್ರಾಕ್ಟೀಸ್ ಮಾಡುವುದು ಹಾವೇರಿ ಜಿಲ್ಲೆಯ ಒಂದು ತಾಲೂಕು ಕೋರ್ಟಿನಲ್ಲಿ. ಇಲ್ಲಿ ಸಿವಿಲ್ ಕೆಲಸ ಅಂದರೆ ಜಾಸ್ತಿ ಪಾಲಿನ ದಾವೆಗಳೇ. ಮೊದಲ ಫೈಲಿನಲ್ಲಿ ನಾನು ತಂಗಿಯ ಪರ. 1991ರಲ್ಲಿ ಮದುವೆಯಾಗಿ ಹೋದ ಹೆಣ್ಣುಮಗಳು. ಪಿತ್ರಾರ್ಜಿತ ಎರೆ ಹೊಲವನ್ನು ಅಣ್ಣಂದಿರು ಬಾಯಿಮಾತಿನಲ್ಲೇ ವಾಟ್ನಿ, ಅಂದರೆ ಪಾಲು, ಮಾಡಿಕೊಂಡು, ಊರಿನ ಜಮೀನು ಲೆಕ್ಕ ಇಡುವ ತಲಾಠಿಗೆ ವರದಿ ಕೊಟ್ಟು, ಪಹಣಿಯಲ್ಲಿ ಹೆಸರು ಏರಿಸಿಕೊಂಡಿದ್ದರು. ತಂಗಿಗೆ ಸಿಕ್ಕಿದ್ದು ಪಂಚಮಿಗೊಂದು ಸೀರೆ, ಅದೂ ಅರಿಶಿನ-ಕುಂಕುಮದ ಹೆಸರಿನಲ್ಲಿ. ಎರಡನೇ ಫೈಲಿನಲ್ಲಿ ನಾನು ಅಣ್ಣನ ಪರ. ಊರು ಬೇರೆ, ಮನೆತನ ಬೇರೆ, ಕಥೆ ಮಾತ್ರ ಅದೇ.

ಇಲ್ಲಿ ಸ್ವಲ್ಪ ಕಾನೂನು ಹೇಳಲೇಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಅಂತ ಕರ್ನಾಟಕ ಬೇಗನೇ ತಿದ್ದುಪಡಿ ತಂದಿತ್ತು. 1994ರ ಜುಲೈ 30ರಿಂದ ಅದು ಜಾರಿಗೆ ಬಂತು. ಆದರೆ ಅದಕ್ಕೊಂದು ಕೊಕ್ಕೆ ಇತ್ತು: ಅಷ್ಟರೊಳಗೆ ಮದುವೆಯಾದವರಿಗೆ ಹಕ್ಕಿಲ್ಲ. ದೇಶಕ್ಕೆಲ್ಲ ಅನ್ವಯವಾಗುವ ತಿದ್ದುಪಡಿ ಬಂದದ್ದು 2005ರ ಸೆಪ್ಟೆಂಬರ್ 9ಕ್ಕೆ. ಅದರಲ್ಲಿ ಆ ಕೊಕ್ಕೆ ಇರಲಿಲ್ಲ. ಆಮೇಲೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 2005ರಲ್ಲಿ ಅಪ್ಪ ಬದುಕಿದ್ದರೂ ಇಲ್ಲದಿದ್ದರೂ ಮಗಳ ಹಕ್ಕು ಇದ್ದೇ ಇದೆ ಎಂದಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಪಾಲಾಗಿದ್ದರೆ ಅದನ್ನು ಕೆದಕುವಂತಿಲ್ಲ. ಸರಿ, ಆ ಪಾಲು ಬಾಯಿಮಾತಿನದ್ದಾದರೆ? ಬರೀ ಬಾಯಿಮಾತಾದರೆ ತಳ್ಳಿಹಾಕಿ. ಸಾರ್ವಜನಿಕ ದಾಖಲೆಯ ಬೆಂಬಲವಿದ್ದು, ಕೋರ್ಟ್ ಡಿಕ್ರಿಯಷ್ಟೇ ಗಟ್ಟಿಯಾಗಿ ಪಾಲು ಆಗಿಹೋಗಿದೆ ಅಂತ ಕಂಡರೆ ಅಪರೂಪಕ್ಕೆ ಒಪ್ಪಬಹುದು. ತೀರ್ಪಿನ ಸಾರ ಇಷ್ಟು.

ಆ ಪ್ಯಾರಾದ ಝೆರಾಕ್ಸ್ ನನ್ನ ಎರಡೂ ಫೈಲಿನಲ್ಲಿತ್ತು. ತಂಗಿಯ ಫೈಲಿನಲ್ಲಿ "ತಳ್ಳಿಹಾಕಿ" ಅನ್ನುವ ಸಾಲಿಗೆ ಹಳದಿ ಹೈಲೈಟರ್. ಅಣ್ಣನ ಫೈಲಿನಲ್ಲಿ "ಒಪ್ಪಬಹುದು" ಅನ್ನುವ ಸಾಲಿಗೆ ಹಸಿರು. ಅದೇ ಕೋರ್ಟ್ ಹಾಲು, ಅದೇ ಜಡ್ಜು, ವಾದ ಮಾತ್ರ ಉಲ್ಟಾ. ಒಂದು ಮಧ್ಯಾಹ್ನ ಬೆಂಚ್ ಕ್ಲರ್ಕ್ ನಗುತ್ತಾ ಕೇಳಿದರು, "ಮೇಡಂ, ಇವತ್ತು ವಾಟ್ನಿ ಆಗ್ಯದೋ, ಆಗಿಲ್ಲೋ?" ನಾನೂ ನಕ್ಕೆ. ವಕೀಲರಿಗೆ ಇದರಲ್ಲಿ ನಾಚಿಕೊಳ್ಳುವಂಥದ್ದೇನಿಲ್ಲ. ಯಾರ ವಕಾಲತ್ತು ಹಾಕಿದೀವೋ ಅವರ ಮಾತು ನಮ್ಮ ಮಾತು. ಆದರೆ ಅವತ್ತು ಮನೆಗೆ ಹೋಗುವಾಗ ಯೋಚನೆ ಬಂತು. ಇಷ್ಟು ವರ್ಷದಲ್ಲಿ "ನಿನಗೇನನ್ನಿಸುತ್ತದೆ?" ಅಂತ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಅದೂ ಗೊತ್ತಿರಲಿಲ್ಲ.

ಹೀಗೆ ಹೊಕ್ಕಿತು ಎಲ್‌ಎಲ್‌ಎಂ ಹುಚ್ಚು.

ಹುಬ್ಬಳ್ಳಿ ನವನಗರದ ರಾಜ್ಯ ಕಾನೂನು ವಿಶ್ವವಿದ್ಯಾಲಯದ್ದು ಎರಡು ವರ್ಷದ ಕೋರ್ಸು. ಎರಡು ವರ್ಷ ಆಫೀಸು ಬಿಟ್ಟರೆ ಇರುವ ಕಕ್ಷಿದಾರರೆಲ್ಲ ಎದುರಿನ ಬೋರ್ಡಿನ ಕೆಳಗೆ ಕೂತಿರುತ್ತಾರೆ. ಹಾಗಾಗಿ ಒಂದು ವರ್ಷದ ಕೋರ್ಸುಗಳನ್ನೇ ನೋಡಿದೆ. ಯುಜಿಸಿ ಅದಕ್ಕೆ ದಾರಿ ಮಾಡಿಕೊಟ್ಟದ್ದು 2012ರಲ್ಲಿ. ಮುಂದೆ 2020ರ ನಿಯಮಗಳಲ್ಲಿ ಬಾರ್ ಕೌನ್ಸಿಲ್ ಅದನ್ನು ನಿಲ್ಲಿಸಲು ಹೊರಟಿತು, ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಕಾನೂನು ಕಲಿಸುವ ಕೋರ್ಸಿಗೇ ದಾವೆ ತಪ್ಪಿಲ್ಲ ನೋಡಿ! ಕೋರ್ಸು ಮಾತ್ರ ನಡೆಯುತ್ತಲೇ ಇದೆ.

ಎರಡು ಕಡೆ ಅರ್ಜಿ ಹಾಕಿದೆ. ಒಂದು, ಹೆಚ್ಚಿನ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಒಟ್ಟಿಗೆ ನಡೆಯುವ ಪ್ರವೇಶ ಪರೀಕ್ಷೆ ಕ್ಲಾಟ್ ಪಿಜಿ. ಇನ್ನೊಂದು, ಉದ್ದೇಶದ ಹೇಳಿಕೆ ಬರೆಸಿಕೊಂಡು ಸಂದರ್ಶನ ಮಾಡುವ ಒಂದು ವಿಶ್ವವಿದ್ಯಾಲಯ.

ಕ್ಲಾಟಿನ ಅರ್ಜಿ ಸುಲಭ. ಎಲ್‌ಎಲ್‌ಬಿಯಲ್ಲಿ ಶೇ. 50 ಅಂಕ ಬಂದಿರಬೇಕು, ಪರಿಶಿಷ್ಟರಿಗೆ 45. ವಯಸ್ಸಿನ ಮಿತಿ ಇಲ್ಲ. ಸಾಮಾನ್ಯ ವರ್ಗಕ್ಕೆ ಆಗ ಶುಲ್ಕ 4,000 ರೂಪಾಯಿ ಇತ್ತು. ನಮ್ಮಲ್ಲಿ ಹೊಸ ಜೂನಿಯರ್‌ಗೆ ತಿಂಗಳಿಗೆ ಅಷ್ಟು ಕೈಗೆ ಬಂದರೆ ಪುಣ್ಯ ಅನ್ನುವುದು ಬೇರೆ ಮಾತು. ಕಷ್ಟ ಇದ್ದದ್ದು ಓದಿನಲ್ಲಿ. 120 ಪ್ರಶ್ನೆ, 120 ನಿಮಿಷ, ತಪ್ಪಿಗೆ ಕಾಲು ಅಂಕ ಕಟ್. ತೀರ್ಪಿನ ಉದ್ದುದ್ದ ಭಾಗ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಎಲ್ಲವೂ ಇಂಗ್ಲಿಷಿನಲ್ಲಿ. ನಾನೋ ಎಲ್‌ಎಲ್‌ಬಿ ಉತ್ತರಗಳನ್ನೆಲ್ಲ ಕನ್ನಡದಲ್ಲಿ ಬರೆದವಳು. ದಾವೆ ಬರೆಯುವುದೂ ಸಾಕ್ಷಿ ವಿಚಾರಿಸುವುದೂ ಕನ್ನಡದಲ್ಲೇ.

ಓದಲು ಕೂತಾಗ ಒಂದು ಖುಷಿಯ ಸಂಗತಿ ಕಂಡಿತು. ಸಂವಿಧಾನದ ದೊಡ್ಡ ದೊಡ್ಡ ತೀರ್ಪುಗಳ ಬೇರು ಹುಡುಕಿದರೆ ಎಷ್ಟೊಂದು ನಮ್ಮ ರಾಜ್ಯದವೇ! ರಾಷ್ಟ್ರಪತಿ ಆಳ್ವಿಕೆಗೆ ಲಗಾಮು ಹಾಕಿದ 1994ರ ತೀರ್ಪು ಎಸ್. ಆರ್. ಬೊಮ್ಮಾಯಿಯವರದ್ದು. ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ತೀರ್ಪು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹಾಕಿದ ಅರ್ಜಿಯಿಂದ ಬಂದದ್ದು. ಕ್ಯಾಪಿಟೇಷನ್ ಶುಲ್ಕದ ಮೋಹಿನಿ ಜೈನ್ ಪ್ರಕರಣ ಇಲ್ಲಿಯದು. ಖಾಸಗಿ ಕಾಲೇಜುಗಳ ಹಕ್ಕಿನ ಟಿಎಂಎ ಪೈ ಪ್ರಕರಣವೂ ಇಲ್ಲಿಯದೇ. ಕಡೆಗೆ "ಇಂಡಸ್ಟ್ರಿ" ಅಂದರೇನು ಅಂತ ಏಳು ನ್ಯಾಯಮೂರ್ತಿಗಳು 1978ರಲ್ಲಿ ಹೇಳಬೇಕಾಗಿ ಬಂದದ್ದು ಬೆಂಗಳೂರಿನ ಜಲಮಂಡಳಿಯ ಕೇಸಿನಲ್ಲಿ.

ತಲೆ ಕೆಡಿಸಿದ್ದು ಹೊಸ ಕ್ರಿಮಿನಲ್ ಕಾಯ್ದೆಗಳು. 2024ರ ಜುಲೈ 1ರಿಂದ ನಂಬರುಗಳೆಲ್ಲ ಅದಲುಬದಲು. ಕೊಲೆಯ 302 ಹೋಗಿ 103 ಆಯ್ತು, ಅದನ್ನು ನೆನಪಿಟ್ಟುಕೊಳ್ಳಬಹುದು. ಆದರೆ ಹಳೇ ನಂಬರೇ ಬೇರೆ ವೇಷದಲ್ಲಿ ಬಂದರೆ? ನಿಷೇಧಾಜ್ಞೆಯ 144 ಈಗ ಹೆಂಡತಿ ಮಕ್ಕಳ ಜೀವನಾಂಶದ ಸೆಕ್ಷನ್. ಹೈಕೋರ್ಟಿನಲ್ಲಿ ಕೇಸ್ ರದ್ದು ಮಾಡಿಸುವ 482 ಈಗ ನಿರೀಕ್ಷಣಾ ಜಾಮೀನು. ವರ್ಷಾನುಗಟ್ಟಲೆ ಬಾಯಲ್ಲಿ ಹೊರಳಿದ ನಂಬರನ್ನು ಮರೆಯುವುದಿದೆಯಲ್ಲ, ಕಲಿಯುವುದಕ್ಕಿಂತ ಕಷ್ಟ.

ಪರೀಕ್ಷೆ ಡಿಸೆಂಬರ್‌ನಲ್ಲಿ, ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು. ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರೆದು ಬಂದೆ. ಅಕ್ಕಪಕ್ಕ ಕೂತವರೆಲ್ಲ ಕಾಲೇಜು ಮುಗಿಸದ ಹುಡುಗ ಹುಡುಗಿಯರು. ಒಬ್ಬಳು ನನ್ನನ್ನು ಮೇಲ್ವಿಚಾರಕಿ ಅಂದುಕೊಂಡು "ಮ್ಯಾಮ್, ಓಎಂಆರ್‌ಗೆ ನೀಲಿ ಪೆನ್ ನಡೆಯುತ್ತಾ?" ಅಂತ ಕೇಳಿದಳು. ಬಂದ ರ‍್ಯಾಂಕಿಗೆ ದೂರದ ರಾಜ್ಯದಲ್ಲಿ ಸೀಟು ಸಿಗುವ ಹಾಗಿತ್ತು. ಅಷ್ಟು ದೂರ ಹೋಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆ ಬಾಗಿಲು ಅಲ್ಲಿಗೆ ಮುಚ್ಚಿತು.

ಉಳಿದದ್ದು ಇನ್ನೊಂದು ಅರ್ಜಿ. ಅದಕ್ಕೆ ಬೇಕಾದದ್ದು ಅಂಕಪಟ್ಟಿಗಳು, ಒಂದು ಶಿಫಾರಸು ಪತ್ರ, ಮತ್ತು ಯಾಕೆ ಓದಬೇಕು ಅಂತ ನನ್ನದೇ ಮಾತಿನಲ್ಲಿ ಒಂದು ಹೇಳಿಕೆ. ಶಿಫಾರಸು ಪತ್ರವನ್ನು ನಮ್ಮ ಸೀನಿಯರ್ ಅಂದೇ ಬರೆದುಕೊಟ್ಟರು. "ಇವರು ನನಗೆ ಖುದ್ದಾಗಿ ಪರಿಚಿತರು. ನಡತೆ ತೃಪ್ತಿಕರ. ಇವರ ಮೇಲೆ ಯಾವುದೇ ಕ್ರಿಮಿನಲ್ ಪ್ರಕರಣ ಬಾಕಿ ಇಲ್ಲ." ಕೆಳಗೆ ಸಹಿ, ಸೀಲು. "ಸರ್, ಇದು ಜಾಮೀನಿಗೆ ಆಗುತ್ತೆ, ಅಡ್ಮಿಷನ್ನಿಗೆ ಆಗಲ್ಲ" ಅಂದೆ. ಬೈದುಕೊಂಡೇ ಇನ್ನೊಮ್ಮೆ ಬರೆದರು. ಎರಡನೆಯದು ಎಷ್ಟು ಚೆನ್ನಾಗಿತ್ತೆಂದರೆ ಒಂದು ಪ್ರತಿ ಇಟ್ಟುಕೊಂಡಿದ್ದೇನೆ.

ಹೇಳಿಕೆ ಮಾತ್ರ ಮುಂದಕ್ಕೆ ಹೋಗಲೇ ಇಲ್ಲ. ಬರೆದದ್ದೆಲ್ಲ ವಾದಪತ್ರದ ಹಾಗೆ ಬರುತ್ತಿತ್ತು. ಪ್ಯಾರಾಗಳಿಗೆ ನಂಬರ್ ಬೇರೆ ಹಾಕಿದ್ದೆ. ಸೀನಿಯರ್ ಓದಿ ಕನ್ನಡಕ ತೆಗೆದಿಟ್ಟರು. "ಅಲ್ಲವ್ವಾ, ಇದೇನು, ರಿಟನ್ ಆರ್ಗ್ಯುಮೆಂಟ್ ಬರದೀಯಲ್ಲ! ಇದರಾಗ ಕಕ್ಷಿದಾರ ಯಾರು?" ನಾನೇ ಅಂದೆ. "ಹಂಗಾದ್ರ ಕಕ್ಷಿದಾರನ್ನ ಮೊದಲು ಕೂಡ್ರಿಸಿ ಕೇಳು. ಏನಾತು, ಏನು ಬೇಕು ಅಂತ."

ಅವತ್ತು ರಾತ್ರಿ ಎರಡೂ ಫೈಲು ಬಿಚ್ಚಿಕೊಂಡು ಕೂತೆ. ತೀರ್ಪಿನ ಪ್ಯಾರಾ ಬಿಟ್ಟು, ಜಮೀನಿನ ಹಕ್ಕು ಬದಲಾದದ್ದನ್ನು ಬರೆಯುವ ಮ್ಯುಟೇಶನ್ ರಿಜಿಸ್ಟರಿನ ನಕಲು ತೆಗೆದೆ. ಅಣ್ಣನ ಪರ ನಾನು ಸಾರ್ವಜನಿಕ ದಾಖಲೆ ಅಂತ ಹಾಜರು ಮಾಡಿದ್ದು ಇದನ್ನೇ. ನೀಲಿ ಶಾಯಿಯ ಕೈಬರಹ. ಸರ್ವೆ ನಂಬರು, ವಾಟ್ನಿಯ ವಿವರ, ಅಪ್ಪನ ಹೆಬ್ಬೆಟ್ಟು, ಇಬ್ಬರು ಗಂಡುಮಕ್ಕಳ ಸಹಿ. ಕೊನೆಯ ಕಾಲಮ್ಮಿನಲ್ಲಿ ಬೇರೆ ಕೈಬರಹ: "ತಕರಾರು ಬಂದಿಲ್ಲ. ಮಂಜೂರು." ಈ ಸಾಲನ್ನು ಕೋರ್ಟಿನಲ್ಲಿ ನಾನೇ ಗಟ್ಟಿಯಾಗಿ ಓದಿದ್ದೆ. ಆದರೆ ತಕರಾರು ಯಾರು ಕೊಡಬೇಕಿತ್ತು? ಭೂಕಂದಾಯ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ವರದಿಯ ನಕಲನ್ನು ಚಾವಡಿಗೆ ಅಂಟಿಸಬೇಕು, ದಾಖಲೆಯಲ್ಲಿ ಹೆಸರಿದ್ದವರಿಗೆ ತಿಳಿಸಬೇಕು, ಹಿತಾಸಕ್ತಿ ಇದೆ ಅಂತ ಅನ್ನಿಸಿದ ಬೇರೆಯವರಿಗೂ ತಿಳಿಸಬೇಕು. ಪಹಣಿಯಲ್ಲಿ ಮಗಳ ಹೆಸರು ಮೊದಲೇ ಇರುವುದಿಲ್ಲ. ಅವಳಿಗೂ ಹಿತಾಸಕ್ತಿ ಇದೆ ಅಂತ ಅನ್ನಿಸಬೇಕಾದದ್ದು ತಲಾಠಿಗೆ. ಗಂಡನ ಮನೆಯಲ್ಲಿದ್ದವಳು ಚಾವಡಿಯ ಗೋಡೆ ಓದುವುದು ದೂರದ ಮಾತು. ಹಾಗಾದರೆ "ತಕರಾರು ಬಂದಿಲ್ಲ" ಅನ್ನುವುದು ಯಾವ ಸೀಮೆಯ ಸಾಕ್ಷಿ?

ಇದನ್ನೇ ಬರೆದೆ. ಮಗಳಿಗೆ ತಿಳಿಸದೆ ಆದ ಮ್ಯುಟೇಶನ್ನಿಗೆ ಎಷ್ಟು ಬೆಲೆ ಕೊಡಬೇಕು, ಹಳೇ ಮುಂಬಯಿ ಕರ್ನಾಟಕದ ಊರುಗಳ ರಿಜಿಸ್ಟರುಗಳಲ್ಲಿ ಏನಿದೆ, ಇದನ್ನು ಓದಬೇಕು ಅಂತ. ತಂಗಿಯ ಪರ ಒಂದು, ಅಣ್ಣನ ಪರ ಒಂದು ಫೈಲು ನನ್ನ ಹತ್ತಿರ ಇದೆ ಅನ್ನುವುದನ್ನೂ ಮುಚ್ಚಿಡಲಿಲ್ಲ.

ಸಂದರ್ಶನದಲ್ಲಿ ಮೂವರಿದ್ದರು. ಮೊದಲಿನ ಪ್ರಶ್ನೆಗಳು ಮಾಮೂಲು: ಯಾಕೆ ಈಗ, ಇಂಗ್ಲಿಷಿನಲ್ಲಿ ಬರೆಯಲು ತೊಂದರೆ ಆಗಲ್ವಾ, ಒಂದು ವರ್ಷ ಪ್ರಾಕ್ಟೀಸ್ ಬಿಟ್ಟರೆ ಸಂಸಾರ ಹೇಗೆ. ಆಮೇಲೆ ಅಷ್ಟೊತ್ತು ಸುಮ್ನೆ ಕೂತಿದ್ದ ಹಿರಿಯ ಮೇಡಂ ನನ್ನ ಹೇಳಿಕೆಯನ್ನು ತಿರುಗಿಸಿ ನೋಡುತ್ತಾ ಕೇಳಿದರು. "ಎರಡು ಫೈಲು ಅಂತ ಬರೆದಿದೀರಿ. ಯಾವುದರಲ್ಲಿ ನೀವು ಹೇಳಿದ್ದು ಸರಿ?"

"ತಂಗಿಯ ಫೈಲಿನಲ್ಲಿ, ಮೇಡಂ. ಆದರೆ ಕಾರಣ ಅಲ್ಲೂ ಸರಿಯಾಗಿ ಹೇಳಿಲ್ಲ. ವಾಟ್ನಿ ರಿಜಿಸ್ಟರ್ ಆಗಿಲ್ಲ ಅಂತಷ್ಟೇ ವಾದ ಮಾಡಿದೆ. ನೋಟಿಸಿನ ಮಾತು ಎತ್ತಲಿಲ್ಲ."

"ಅಣ್ಣನ ವಕೀಲರಾಗಿ ಇದಕ್ಕೆ ಉತ್ತರ ಏನು ಕೊಡ್ತೀರಿ?"

ಅದಕ್ಕೂ ಉತ್ತರ ಇತ್ತು. ಆಗಿನ ಕಾನೂನಿನಲ್ಲಿ 1994ಕ್ಕೆ ಮೊದಲೇ ಮದುವೆಯಾದ ಮಗಳಿಗೆ ಹಕ್ಕೇ ಇರಲಿಲ್ಲ, ಹಕ್ಕಿಲ್ಲದವರಿಗೆ ನೋಟಿಸು ಯಾಕೆ ಅಂತ ಕೇಳ್ತೀನಿ ಅಂದೆ. ಅವರು ನಕ್ಕು ಪಕ್ಕದವರ ಕಡೆ ನೋಡಿದರು. ಆಮೇಲೆ ನಡೆದದ್ದು ಸಂದರ್ಶನ ಅಲ್ಲ, ಹರಟೆ. ಹೊರಗೆ ಬಂದಾಗ ನನ್ನ ನಂತರದ ಹುಡುಗ ಮುಖ ಸಿಂಡರಿಸಿಕೊಂಡು ಗಡಿಯಾರ ನೋಡುತ್ತಿದ್ದ.

ಬೇಸಿಗೆ ರಜೆಯಲ್ಲಿ ಪಟ್ಟಿ ಬಂತು, ಹೆಸರಿತ್ತು. ತಂಗಿಯ ಫೈಲನ್ನು ಒಬ್ಬ ಜೂನಿಯರ್‌ಗೆ ಕೊಟ್ಟೆ, ನೋಟಿಸಿನ ವಿಷಯವನ್ನು ಕೆಂಪು ಪೆನ್ನಲ್ಲಿ ಬರೆದು. ಅಣ್ಣನದ್ದು ಆರ್ಗ್ಯುಮೆಂಟಿಗೆ ನಿಂತಿದೆ, ಜೂನ್ ಕೊನೆಗೆ ಡೇಟು. ತರಗತಿ ಶುರುವಾಗುವುದು ಜುಲೈನಲ್ಲಿ. ಅದನ್ನು ನಾನೇ ಮುಗಿಸಿ ಹೋಗುತ್ತೇನೆ. ಅಣ್ಣನ ಪರವಾಗಿಯೇ ವಾದಿಸುತ್ತೇನೆ, ಹಸಿರು ಹೈಲೈಟರಿನ ಸಾಲನ್ನೇ ಓದುತ್ತೇನೆ. ಫೀಸು ತಗೊಂಡಿದೀನಲ್ಲ.